ಕಳೆ ಕಳೆಯುವ ಕಾಲ

ಕನ್ನಡದಲ್ಲಿ ಬಿಡುವಿಲ್ಲದೆ ದುಡಿಯುವ ಪದ ಯಾವುದೆಂದು ಕೇಳಿದರೆ ನಾನು ‘ಕಳೆ’ಯನ್ನು ತೋರಿಸುತ್ತೇನೆ. ಬಟ್ಟೆಯ ಕೊಳೆ ಕಳೆಯುವುದೂ ಅದೇ, ಐದರಲ್ಲಿ ಮೂರು ಕಳೆಯುವುದೂ ಅದೇ. ಸೂತಕ ಕಳೆಯುತ್ತದೆ, ರಜೆ ಕಳೆಯುತ್ತದೆ, ತುಂಬಿದ ಮದುವೆಮನೆಯಲ್ಲಿ ಮಾನ ಕಳೆಯುವ ನೆಂಟರೂ ಇರುತ್ತಾರೆ. ಬಸ್ಸಿನಲ್ಲಿ ಕೊಡೆ ಕಳೆದುಕೊಳ್ಳುವುದಂತೂ ನಮ್ಮ ಸಕಲೇಶಪುರದ ಕಡೆಯವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಹೊಲದಿಂದ ತೆಗೆದುಹಾಕಬೇಕಾದ ಗಿಡಕ್ಕೂ ಕಳೆಯೆಂದೇ ಹೆಸರು. ವಿಚಾರಣೆಯೇ ಇಲ್ಲ, ಹೆಸರಿನಲ್ಲೇ ತೀರ್ಪು. ಮುಖದ ಕಳೆ ಮಾತ್ರ ಬೇರೆ ಮನೆತನದ್ದು, ಸಂಸ್ಕೃತದ ‘ಕಲಾ’ದಿಂದ ಬಂದದ್ದು. ಅದನ್ನು ಯಾರೂ ಕೀಳಬೇಕಾಗಿಲ್ಲ. ಬಿಸಿಲಿನಲ್ಲಿ ಒಂದು ದಿನ ಹೊಲದ ಕಳೆ ಕಿತ್ತರೆ ತಾನಾಗಿಯೇ ಇಳಿಯುತ್ತದೆ.

ಆದರೆ ಆ ತೀರ್ಪಿಗೆ ಹಾಸನದ ರಾಗಿ ಹೊಲಗಳಲ್ಲಿ ಮೇಲ್ಮನವಿಯ ಅವಕಾಶವಿದೆ. ಸಾಲುಗಳ ನಡುವೆ ಎಡೆಕುಂಟೆ ಹೊಡೆದ ಮೇಲೆ ಪೈರಿನ ಬುಡದಲ್ಲಿ ಉಳಿದದ್ದನ್ನು ಹೆಂಗಸರು ಕುಕ್ಕರುಗಾಲಿನಲ್ಲಿ ಕುಳಿತು ಕೀಳುತ್ತಾರೆ. ಕಿತ್ತದ್ದೆಲ್ಲ ಬದುವಿಗೆ ಹೋಗುವುದಿಲ್ಲ. ಒಂದು ಪಾಲು ಮಡಿಲಿಗೆ ಸೇರುತ್ತದೆ. ನಗರದಿಂದ ಬಂದ ಅಳಿಯ ಹೊಲಕ್ಕೆ ಕಾಲಿಟ್ಟರೆ, “ಗಣಿಕೆ ಕಣಪ್ಪ, ತುಳಿಯಬೇಡ” ಎಂಬ ಕೂಗು ಬಂದೇ ಬರುತ್ತದೆ. ಗಣಿಕೆ, ಅಣ್ಣೆ, ಹೊನಗೊನ್ನೆ, ಕನ್ನೆ ಎಲ್ಲ ಕೂಡಿ ಬೆರಕೆ ಸೊಪ್ಪಾಗಿ, ಸಂಜೆ ಮಸ್ಸೊಪ್ಪಾಗಿ, ಅದೇ ಹೊಲದ ರಾಗಿಯ ಮುದ್ದೆಯ ಪಕ್ಕದಲ್ಲೇ ತಟ್ಟೆಗೆ ಬರುತ್ತವೆ. ಹೊಲದಲ್ಲಿ ಜಗಳವಾಡಿದವರು ಊಟಕ್ಕೆ ಒಟ್ಟಿಗೆ. ಯಾವುದು ಬೆಳೆ, ಯಾವುದು ಕಳೆ ಎಂಬುದನ್ನು ಕೃಷಿ ಪುಸ್ತಕಕ್ಕಿಂತ ಒಲೆಯ ಮುಂದಿರುವವರು ತೀರ್ಮಾನಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಘಟ್ಟದ ಅಂಚಿನ ಕಾಫಿ ತೋಟದವರು ಇನ್ನೂ ಜಾಣರು. ಇಳಿಜಾರಿನಲ್ಲಿ ನೆಲವನ್ನು ಬೋಳಿಸಿದರೆ ಮಳೆಗೆ ಮಣ್ಣು ಹೊಳೆ ಸೇರುತ್ತದೆ. ಹಾಗಾಗಿ ಕತ್ತಿಯಿಂದ ತಲೆಯನ್ನಷ್ಟೇ ಸವರಿ, ಬೇರನ್ನು ಮಣ್ಣಿನ ಕಾವಲಿಗೆ ಬಿಡುತ್ತಾರೆ.

ಯಾರ ಕರುಣೆಗೂ ಪಾತ್ರವಾಗದ್ದು ಪಾರ್ಥೇನಿಯಂ, ನಮ್ಮೂರಿನ ಕಾಂಗ್ರೆಸ್ ಗಿಡ. ಅರಸೀಕೆರೆಯ ಕಡೆಯ ರಸ್ತೆ ಬದಿಗಳಲ್ಲಿ ಮಲ್ಲಿಗೆಯ ಹಾಗೆ ಅರಳಿ ನಿಂತಿರುತ್ತದೆ. ಮುಟ್ಟಿದವರಲ್ಲಿ ಕೆಲವರಿಗೆ ಮೈ ತುರಿಕೆ, ಪರಾಗ ಉಸಿರಾಡಿದವರಲ್ಲಿ ಕೆಲವರಿಗೆ ಸೀನು. ದನ ಮೂಸಿ ನೋಡಿ ಮುಂದೆ ಹೋಗುತ್ತದೆ. ಅದರಿಂದ ಸಾರು ಮಾಡುವ ಧೈರ್ಯ ಯಾವ ಅಜ್ಜಿಗೂ ಬಂದಿಲ್ಲ. ಇದನ್ನು ತಿನ್ನಲೆಂದೇ ಮೆಕ್ಸಿಕೊದಿಂದ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಪಾಪ, ಅದು ಮಳೆಗಾಲದಲ್ಲಿ ಎಲೆಗಳನ್ನು ಜರಡಿ ಮಾಡುತ್ತದೆ. ಮಳೆಗಾಲ ಮುಗಿಯಿತೆಂದರೆ ಮಣ್ಣಿನೊಳಗೆ ಹೋಗಿ ಮಲಗುತ್ತದೆ. ಅಷ್ಟರಲ್ಲಿ ಗಿಡ ಮುಂದಿನ ವರ್ಷದ ಬೀಜ ಉದುರಿಸಿ ಮುಗಿಸಿರುತ್ತದೆ.