ಏಳು ತಿಂಗಳ ಊರಿಗೆ ನೂರು ವರ್ಷದ ಮ್ಯೂಸಿಯಂ

ಒಂದು ಆದರ್ಶ ಸಮುದಾಯಕ್ಕೆ ಕನಿಷ್ಠ ಎಷ್ಟು ಜನ ಬೇಕು? ಐದು. ನಾನು ಹೇಳಿದ್ದಲ್ಲ, ಲೈಮನ್ ಟವರ್ ಸಾರ್ಜೆಂಟ್ ಎಂಬ ದೊಡ್ಡ ವಿದ್ವಾಂಸರು 1994ರಲ್ಲಿ ಬರೆದದ್ದು. ಐದು ಅಥವಾ ಅದಕ್ಕಿಂತ ಜಾಸ್ತಿ ವಯಸ್ಕರು ಇರಬೇಕು, ಎಲ್ಲರೂ ಒಂದೇ ಮನೆಯವರಾಗಿರಬಾರದು, ಒಪ್ಪಿಕೊಂಡ ಯಾವುದೋ ಉದ್ದೇಶಕ್ಕೆ ಒಟ್ಟಿಗೆ ಬದುಕುತ್ತಿರಬೇಕು. ನಾಲ್ಕೇ ಜನ ಇದ್ದರೆ ಸುಮ್ನೆ ರೂಮ್‌ಮೇಟ್ಸು. ಐದನೆಯವನು ಹಾಸಿಗೆ ಸುತ್ತಿಕೊಂಡು ಬಂದ ಕೂಡಲೇ ಅದು ಪಿಎಚ್‌ಡಿ ವಿಷಯ.

ನಗಬೇಡಿ. ಇಂಥ ಸಮುದಾಯಗಳ ಅಧ್ಯಯನಕ್ಕೇ ಸಂಘಗಳಿವೆ, ಪತ್ರಿಕೆಗಳಿವೆ, ಸಮ್ಮೇಳನಗಳಿವೆ. ಆಸ್ತಿಯೆಲ್ಲ ಎಲ್ಲರದ್ದು ಎಂದು ಸಾರಿ ಮನೆಮಠ ಕಳೆದುಕೊಂಡವರ ಬಗ್ಗೆ ಅಲ್ಲಿ ಗಂಭೀರ ಲೇಖನಗಳು ಬರುತ್ತವೆ. ಓದಬೇಕಾದರೆ ಮಾತ್ರ ಬಹುಪಾಲು ದುಡ್ಡು ಕಟ್ಟಬೇಕು. ಲೇಖನ ಎಲ್ಲರದ್ದಲ್ಲ, ಅಲ್ವಾ?

ಈ ಶಾಸ್ತ್ರಕ್ಕೆ ಅಚ್ಚುಮೆಚ್ಚಿನ ಊರುಗಳಲ್ಲಿ ಬಹಳಷ್ಟು ಬೇಗ ಸತ್ತವು. ಮ್ಯಾಸಚೂಸೆಟ್ಸ್‌ನ ಫ್ರೂಟ್‌ಲ್ಯಾಂಡ್ಸ್ ನೋಡಿ. 1843ರಲ್ಲಿ ಚಿಂತಕರಾದ ಬ್ರಾನ್ಸನ್ ಆಲ್ಕಾಟ್ ಮತ್ತು ಚಾರ್ಲ್ಸ್ ಲೇನ್ ಸೇರಿ ಕಟ್ಟಿದ್ದು. ಮಾಂಸ ಬೇಡ, ಹಾಲು ಬೇಡ. ಹತ್ತಿ ಬಟ್ಟೆ ಬೇಡ, ಅದು ಗುಲಾಮರ ದುಡಿಮೆ. ಉಣ್ಣೆಯೂ ಬೇಡ, ಅದು ಕುರಿಯದ್ದು. ಹಾಗಾಗಿ ಅಮೆರಿಕದ ಆ ಚಳಿಗೆ ನಾರುಬಟ್ಟೆ! ಬಾರ್ಲಿ ಕೊಯ್ದು ಹೊಲದಲ್ಲಿ ಬಿದ್ದಿದ್ದಾಗ ಗಂಡಸರು ಹೊಸ ಬದುಕಿನ ಬಗ್ಗೆ ಮಾತಾಡುತ್ತಾ ಊರೂರು ಅಲೆಯುತ್ತಿದ್ದರು, ಇತ್ತ ಮಳೆ ಬರುವ ಮೊದಲು ಅಷ್ಟನ್ನೂ ಒಳಗೆ ಹಾಕಿದ್ದು ಆಲ್ಕಾಟ್‌ರ ಹೆಂಡತಿ ಅಬಿಗೇಲ್ ಮತ್ತು ಮಕ್ಕಳು, ಹಾಗಂತ ಮಗಳು ಲೂಯಿಸಾ ದೊಡ್ಡವಳಾದ ಮೇಲೆ ಕಥೆ ಮಾಡಿ ಬರೆದಿದ್ದಾಳೆ. ಏಳು ತಿಂಗಳಿಗೆ ಊರು ಮುಚ್ಚಿತು. 1914ರಲ್ಲಿ ಅಲ್ಲೇ ಮ್ಯೂಸಿಯಂ ಆಯಿತು. ಮ್ಯೂಸಿಯಂಗೆ ನೂರು ವರ್ಷ ದಾಟಿದೆ, ಗಟ್ಟಿಯಾಗಿದೆ.

ಬ್ರಿಟನ್ನಿನ ಗಿರಣಿ ಮಾಲೀಕ ರಾಬರ್ಟ್ ಓವೆನ್ 1825ರಲ್ಲಿ ಇಂಡಿಯಾನಾದಲ್ಲಿ ಇಡೀ ಊರನ್ನೇ ಕೊಂಡು ನ್ಯೂ ಹಾರ್ಮನಿ ಶುರು ಮಾಡಿದ. ಮರುವರ್ಷ ಒಂದು ದೋಣಿ ತುಂಬ ವಿಜ್ಞಾನಿಗಳು, ಶಿಕ್ಷಕರು ಬಂದಿಳಿದರು. ಅದಕ್ಕೆ ಜ್ಞಾನದ ದೋಣಿ ಅಂತಲೇ ಹೆಸರು. ಉಳುವವರು, ಕಸುಬು ಗೊತ್ತಿದ್ದವರು ಮಾತ್ರ ಸಾಲಲಿಲ್ಲ. ಸಂವಿಧಾನದ ಮೇಲೆ ಸಂವಿಧಾನ ಬರೆದರು. 1827ರ ಹೊತ್ತಿಗೆ ಕಥೆ ಮುಗಿಯಿತು. ಈಗ ಅಲ್ಲಿಗೆ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಇಂಥ ಸಮುದಾಯಗಳ ಅಧ್ಯಯನಕ್ಕೇ ಒಂದು ಕೇಂದ್ರವಿದೆ. ದೋಣಿ ಮತ್ತೆ ಬಂತು ಅನ್ನಿ.

ಹಾಗಾದರೆ ಯಾವ ಊರು ಗೆದ್ದಿತು, ಯಾವುದು ಸೋತಿತು? ಅದಕ್ಕೂ ಅಂಕಪಟ್ಟಿ ಇದೆ. ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1972ರಲ್ಲಿ ಹಾಕಿದ ಗೆರೆ ಪ್ರಕಾರ ಇಪ್ಪತ್ತೈದು ವರ್ಷ ಬಾಳಿದರೆ ಪಾಸ್. ಆ ಲೆಕ್ಕದಲ್ಲಿ ಶೇಕರ್ ಎಂಬ ಕ್ರೈಸ್ತ ಪಂಥದವರು ರ‍್ಯಾಂಕ್ ವಿದ್ಯಾರ್ಥಿಗಳು, ಇನ್ನೂರು ವರ್ಷದ ಮೇಲಾಯಿತು. ಮದುವೆಯೂ ಇಲ್ಲ, ಮಕ್ಕಳೂ ಇಲ್ಲ ಎಂಬ ನಿಯಮದಿಂದ ಈಗ ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ, ಅದು ಬೇರೆ ಮಾತು. ನ್ಯೂಯಾರ್ಕ್ ರಾಜ್ಯದ ಒನೈಡಾದಲ್ಲಿ ಆಸ್ತಿಯೂ ಎಲ್ಲರದ್ದು, ದಾಂಪತ್ಯವೂ ಎಲ್ಲರದ್ದು. 1848ರಲ್ಲಿ ಶುರುವಾಗಿ 1881ರಲ್ಲಿ ಷೇರು ಕಂಪನಿಯಾಯಿತು, ಮುಂದೆ ಚಮಚ ಫೋರ್ಕಿಗೆ ಹೆಸರಾಯಿತು. ಅದೂ ಪಾಸ್. ಕ್ಯಾಂಟರ್ ಅವರೂ ಮುಂದೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರೊಫೆಸರ್ ಆದರು. ಅಧ್ಯಯನ ಮಾಡಿದವರು ವಸ್ತುವಿನ ದಾರಿಯನ್ನೇ ಹಿಡಿಯುವುದು ಅಂದರೆ ಇದು.

ಫೇಲಾದವರಿಗೆ ಬೇಜಾರಾಗಬಾರದಲ್ಲ! ಇತಿಹಾಸಕಾರ ಡೊನಾಲ್ಡ್ ಪಿಟ್ಜರ್ ಇನ್ನೊಂದು ಸಿದ್ಧಾಂತ ಕೊಟ್ಟರು. ಕೂಡಿ ಬಾಳುವುದು ಒಂದು ಚಳವಳಿಯ ಒಂದು ಹಂತ ಅಷ್ಟೇ, ಅದನ್ನು ಬಿಟ್ಟು ಮುಂದೆ ಹೋದರೆ ಸೋಲಲ್ಲ. ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಈಗ ಉಳಿದರೂ ಪಾಸ್, ಒಡೆದರೂ ಪಾಸ್.

ಈ ಶಾಸ್ತ್ರಕ್ಕೆ ತಲೆನೋವು ಕೊಡುವುದು ಬದುಕಿರುವ ಊರು. ಬೆಂಗಳೂರಿನವರು ವೀಕೆಂಡಿಗೆ ಹೋಗಿ ಫೋಟೊ ತೆಗೆಸಿಕೊಂಡು ಬರುವ ಆರೋವಿಲ್ ಇದೆಯಲ್ಲ, ಅದು 1968ರಲ್ಲಿ 50,000 ಜನರಿಗೆಂದು ಶುರುವಾದದ್ದು, ಇವತ್ತಿಗೂ ಮೂರು ಸಾವಿರದ ಆಸುಪಾಸು. ಯಾರೊಬ್ಬರದ್ದೂ ಅಲ್ಲ, ಇಡೀ ಮನುಕುಲದ್ದು ಎಂದು ಅದರ ಸನ್ನದು ಹೇಳುತ್ತದೆ. 1988ರ ಕಾಯ್ದೆ ಬಂದ ಮೇಲೆ ಮನುಕುಲದ ಪರವಾಗಿ ಕೇಂದ್ರ ಸರ್ಕಾರದ ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ. 2021ರ ಕೊನೆಗೆ ರಸ್ತೆ ಮಾಡಲು ಬುಲ್ಡೋಜರ್ ಬಂತು, ಮರ ಉರುಳಿದವು, ನಿವಾಸಿಗಳೇ ಎರಡು ಬಣವಾದರು. 2022ರಲ್ಲಿ ಹಸಿರು ನ್ಯಾಯಮಂಡಳಿ ಷರತ್ತು ಹಾಕಿತು. 2025ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿತು. ಪಾಪ, ಥೀಸಿಸ್ ಬರೆಯುವವರು ಏನು ಮಾಡಬೇಕು? ಕೊನೆಯ ಅಧ್ಯಾಯ ಗೈಡಿಗೆ ತೋರಿಸುವಷ್ಟರಲ್ಲಿ ಇನ್ನೊಂದು ತೀರ್ಪು ಬಂದಿರುತ್ತದೆ.