ದೊರೆಗೆ ಒಂದಿಷ್ಟು ನಿದ್ದೆ ಬಂದಿದ್ದರೆ

ಮುದ್ರಣ ದೋಷ ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಕೊಂಬು ಹಾರಿಹೋಗುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ಬೀಳುತ್ತದೆ. 16ನೇ ಪುಟ ಮುಗಿದ ಮೇಲೆ ಮತ್ತೆ 1ನೇ ಪುಟ ಬರುತ್ತದೆ. ಆದರೆ 2023ರ ಅಕ್ಟೋಬರ್‌ನಲ್ಲಿ ಚೀನಾದಲ್ಲಿ ಸಿಕ್ಕ ದೋಷ ಹೊಸ ಜಾತಿಯದು. ಮಿಂಗ್ ವಂಶದ ಕೊನೆಯ ಚಕ್ರವರ್ತಿ ಚೋಂಗ್‌ಜೆನ್ ಬಗ್ಗೆ ಒಂದು ಇತಿಹಾಸದ ಪುಸ್ತಕ. 2016ರಲ್ಲಿ ಬೇರೆ ಹೆಸರಿನಲ್ಲಿ ಬಂದಿತ್ತು, ಆಗ ಯಾರಿಗೂ ಏನೂ ಆಗಿರಲಿಲ್ಲ. 2023ರಲ್ಲಿ ಹೊಸ ಹೆಸರು, ಹೊಸ ರಕ್ಷಾಪುಟ ಹಾಕಿ ಮತ್ತೆ ತಂದರು. ಇಟ್ಟ ಹೆಜ್ಜೆಯೆಲ್ಲ ತಪ್ಪು, ದೊರೆ ದುಡಿದಷ್ಟೂ ರಾಜ್ಯ ಬೇಗ ಮುಳುಗಿತು ಅನ್ನುವ ಅರ್ಥದ ಮಾತು ಅದರ ಮೇಲಿತ್ತು. ಅಷ್ಟೇ. 'ಮುದ್ರಣದ ತೊಂದರೆ' ಅಂತ ಹೇಳಿ ಅಂಗಡಿಗಳಿಂದ ಪುಸ್ತಕವನ್ನೇ ವಾಪಸ್ ತರಿಸಿಕೊಂಡರು.

ದೊರೆ ಸತ್ತಿದ್ದು 1644ರಲ್ಲಿ. ಕುಂಬಳಕಾಯಿ ಕಳ್ಳ ಯಾರು ಅಂದರೆ... ಬೇಡ ಬಿಡಿ, ಗಾದೆ ನಿಮಗೆ ಗೊತ್ತು.

ನನ್ನ ಕೇಳಿದರೆ ವಾಪಸ್ ತರಿಸಿಕೊಂಡಿದ್ದು ಬಹಳ ಒಳ್ಳೆಯ ಕೆಲಸ. ಮೇಲೆ ಕೂತವನು ಜಾಸ್ತಿ ದುಡಿದರೆ ಅಪಾಯ ಅಂತ ಜನಕ್ಕೆ ಗೊತ್ತಾಗಿಬಿಟ್ಟರೆ ಗತಿ ಏನು? ನಾಳೆ ಪ್ರತಿ ಆಫೀಸಿನಲ್ಲೂ "ಸಾರ್, ನೀವು ಸ್ವಲ್ಪ ಮಲಗಿ" ಅನ್ನುತ್ತಾರೆ.

ಮಿಂಗ್ ಮನೆತನದಲ್ಲಿ ಹಾಗೆ ಮಲಗಿದವರೂ ಇದ್ದರು. ಚೋಂಗ್‌ಜೆನ್‌ನ ಅಜ್ಜ ವಾನ್‌ಲಿ 48 ವರ್ಷ ಆಳಿದ. ಅದರಲ್ಲಿ ಹತ್ತಿರಹತ್ತಿರ ಮೂವತ್ತು ವರ್ಷ ದರ್ಬಾರಿನ ಕಡೆ ಸರಿಯಾಗಿ ತಲೆಯನ್ನೇ ಹಾಕಲಿಲ್ಲ. ಅಧಿಕಾರಿ ಸತ್ತರೆ ಆ ಜಾಗ ಹಾಗೇ ಖಾಲಿ. ಅರ್ಜಿ ಬಂದರೆ ಉತ್ತರ ಇಲ್ಲ. ಚೋಂಗ್‌ಜೆನ್‌ನ ಅಣ್ಣ, ಅವನಿಗಿಂತ ಮೊದಲು ಪಟ್ಟದಲ್ಲಿದ್ದ ತಿಯಾನ್‌ಚಿ ಇನ್ನೂ ಒಂದು ಕೈ ಮೇಲು. ಅವನಿಗೆ ಬಡಗಿ ಕೆಲಸದ ಹುಚ್ಚು. ಕೈಯಲ್ಲಿ ಉಳಿ, ಬಾಚಿ, ಸುತ್ತ ಮರದ ಹೊಟ್ಟು. ಯಾವುದೋ ಕಡತ ಹಿಡಿದುಕೊಂಡು ಬಂದರೆ "ಗೊತ್ತಾಯ್ತು, ನೀವೇ ನೋಡ್ಕೊಳ್ಳಿ" ಅಂತ ನಪುಂಸಕರ ಮುಖ್ಯಸ್ಥ ವೇಯ್ ಝೋಂಗ್‌ಶಿಯನ್ ಕೈಗೆ ರಾಜ್ಯ ಬಿಟ್ಟು, ಮತ್ತೆ ಹಲಗೆ ಉಜ್ಜುವುದಕ್ಕೆ ಕೂತುಬಿಡುತ್ತಿದ್ದ. 1627ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ಹೋಗಿಬಿಟ್ಟ. ಅವನು ಅರವತ್ತು ವರ್ಷ ಬದುಕಿದ್ದರೆ? ರಾಜ್ಯ ಉಳಿಯುತ್ತಿತ್ತೋ ಇಲ್ಲವೋ, ಬೀಜಿಂಗ್‌ಗೆ ನಾಲ್ಕು ಒಳ್ಳೆಯ ಕುರ್ಚಿಯಂತೂ ಸಿಗುತ್ತಿತ್ತು.

ಅವನ ಜಾಗಕ್ಕೆ ಬಂದವನು ಹದಿನಾರರ ಹುಡುಗ, ಚೋಂಗ್‌ಜೆನ್. ರಾತ್ರಿಯೆಲ್ಲ ಕಡತ ಓದುತ್ತಿದ್ದ. ಊಟಬಟ್ಟೆಯಲ್ಲಿ ಕಟ್ಟುನಿಟ್ಟು. ಯಾರ ಮೇಲೂ ನಂಬಿಕೆ ಇಲ್ಲ. 17 ವರ್ಷದಲ್ಲಿ ಸುಮಾರು 50 ಮಂದಿ ಮಹಾಮಂತ್ರಿಗಳನ್ನು ಬದಲಾಯಿಸಿದ, ವರ್ಷಕ್ಕೆ ಮೂವರ ಲೆಕ್ಕ. ಸೀಲು ಮಾಡುವವನಿಗೆ ಮಾತ್ರ ಒಳ್ಳೆಯ ಕಾಲ.

ಈ ದೊರೆ ಮೇಲೆ 'ಇದ್ದಿದ್ದರೆ' ಆಟ ಆಡದವರೇ ಇಲ್ಲ. ನಮ್ಮ ಕಡೆ ಇದನ್ನು ಅತ್ತೆಗೆ ಮೀಸೆ ಬರಿಸುವುದು ಅನ್ನುತ್ತೇವೆ. ಚೀನಾದ ಇಂಟರ್ನೆಟ್‌ನಲ್ಲಿ ಈ ಮೀಸೆಯದೇ ದೊಡ್ಡ ವ್ಯಾಪಾರ. ಇಂದಿನ ಕಾಲದ ಯಾವನೋ ಎಂಜಿನಿಯರ್ ಕಣ್ಣು ಬಿಡುತ್ತಾನೆ, ನೋಡಿದರೆ ಮಿಂಗ್ ಕಾಲ! ಅಲ್ಲಿಂದ ಶುರು. ಸೋಪು ಮಾಡುತ್ತಾನೆ, ಗಾಜು ಮಾಡುತ್ತಾನೆ, ಬಂದೂಕು ಮಾಡುತ್ತಾನೆ, ಉತ್ತರದಿಂದ ದಂಡೆತ್ತಿ ಬರುತ್ತಿದ್ದ ಮಂಚೂ ಜನರನ್ನು ಓಡಿಸಿ ವಂಶ ಉಳಿಸುತ್ತಾನೆ. ಇಂಥ ಕಾದಂಬರಿ ದಂಡಿಯಾಗಿವೆ. ನನಗೆ ಅರ್ಥವಾಗದ್ದು ಒಂದೇ. ಎಂಜಿನಿಯರ್ ಹೋಗಿ ಬೀಳುವುದು ಯಾವಾಗಲೂ ಅರಮನೆ ಹತ್ತಿರ, ಇಲ್ಲವೇ ಸೇನಾಪತಿಯ ಮೈಯೊಳಗೆ. ಕುದುರೆ ಲಾಯದಲ್ಲಿ ಯಾಕೆ ಬೀಳಬಾರದು?

ಲಾಯ ಅಂದೆ ಅಲ್ವಾ, ಅಲ್ಲಿಗೇ ಹೋಗೋಣ. ವಾಯವ್ಯದ ಶಾಂಶಿ ಪ್ರಾಂತ್ಯ, ಮಿಝಿ ಎನ್ನುವ ಊರಿನ ಕಡೆಯವನು ಲೀ ಜಿಚೆಂಗ್. ಸರ್ಕಾರಿ ಅಂಚೆ ಠಾಣೆಯಲ್ಲಿ ಕೆಲಸ. ಅಂದರೆ ಕುದುರೆಗೆ ಹುಲ್ಲು ಹಾಕು, ಲಾಳ ನೋಡು, ಸಾಹೇಬರ ಕಾಗದ ಮುಂದಿನ ಠಾಣೆಗೆ ಮುಟ್ಟಿಸು. 1629ರಲ್ಲಿ ಚಕ್ರವರ್ತಿಗೆ ಖರ್ಚು ಕಡಿಮೆ ಮಾಡುವ ಉಪಾಯ ಹೊಳೆಯಿತು. ಅಂಚೆ ಠಾಣೆಗಳನ್ನು ಕತ್ತರಿಸಿ! ಅಧಿಕಾರಿಗಳು ಸರ್ಕಾರಿ ಕುದುರೆ ಮೇಲೆ ಸ್ವಂತ ಸಾಮಾನು ಹೊರಿಸುತ್ತಿದ್ದರು, ಅದು ನಿಜ. ಅದಕ್ಕೆ ಅಧಿಕಾರಿಗಳನ್ನು ತೆಗೆಯಲಿಲ್ಲ, ಹುಲ್ಲು ಹಾಕುವವರನ್ನು ತೆಗೆದರು. ಲೀ ಜಿಚೆಂಗ್ ಬೀದಿಗೆ ಬಿದ್ದ. ಹದಿನೈದು ವರ್ಷದ ನಂತರ ಅದೇ ಲೀ ಜಿಚೆಂಗ್, 'ಚುವಾಂಗ್ ರಾಜ' ಅನ್ನಿಸಿಕೊಂಡು, ಲಕ್ಷಗಟ್ಟಲೆ ಜನ ಕಟ್ಟಿಕೊಂಡು ಬೀಜಿಂಗ್ ಬಾಗಿಲು ತಟ್ಟಿದ. ಎಂಥ ಉಳಿತಾಯ ನೋಡಿ!

ಬಂಡಾಯ ಎದ್ದ ಮೇಲೆ ಅದನ್ನು ಅಡಗಿಸಲು ದುಡ್ಡು ಬೇಕು. ಉತ್ತರದ ಯುದ್ಧಕ್ಕೆಂದು 1618ರಿಂದಲೇ ಒಂದು ಹೆಚ್ಚುವರಿ ಕಂದಾಯ ಇತ್ತು. 1637ರಲ್ಲಿ 'ಬಂಡುಕೋರರನ್ನು ಅಡಗಿಸುವ ತೆರಿಗೆ' ಬಂತು. 1639ರಲ್ಲಿ 'ಸೈನಿಕರಿಗೆ ತರಬೇತಿ ಕೊಡುವ ತೆರಿಗೆ'. ಕೊಡಬೇಕಾದವನು ರೈತ. ಕೊಡಲಾಗದ ರೈತ ಬಂಡುಕೋರರ ಜೊತೆ ಸೇರುತ್ತಾನೆ. ಬಂಡುಕೋರರು ಜಾಸ್ತಿಯಾದರೆ ತೆರಿಗೆ ಜಾಸ್ತಿ. ಗಾಣದ ಎತ್ತು ಕೂಡ ಇಷ್ಟು ನಿಷ್ಠೆಯಿಂದ ಸುತ್ತುವುದಿಲ್ಲ.

ಚಕ್ರವರ್ತಿಯ ಮಾವನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1644ರ ಆರಂಭ. ಸೈನಿಕರಿಗೆ ಸಂಬಳ ಇಲ್ಲ. ಚಕ್ರವರ್ತಿ ತನ್ನ ಮಂತ್ರಿಗಳ, ನೆಂಟರ ಮುಂದೆ ಚಂದಾ ಕೇಳಿದ. ಮೊದಲು ಮಾವ ಝೌ ಕುಯಿ ಬಾಗಿಲಿಗೆ ಆಳು ಹೋಯಿತು. ಮಾವ ಅತ್ತ. "ನನ್ನ ಹತ್ತಿರ ಎಲ್ಲಿದೆ ದುಡ್ಡು?" ಕೊನೆಗೆ ಹತ್ತು ಸಾವಿರ ತೇಲ್ ಅಂದ. ಒಂದು ತೇಲ್ ಅಂದರೆ ಸುಮಾರು 37 ಗ್ರಾಂ ಬೆಳ್ಳಿ. ಸಾಲದು ಅಂದಾಗ ಮಗಳಿಗೆ, ಅಂದರೆ ಮಹಾರಾಣಿಗೆ ಗುಟ್ಟಾಗಿ ಹೇಳಿ ಕಳಿಸಿದ. ಅಪ್ಪನ ಮಾನ ಉಳಿಯಲಿ ಅಂತ ಅವಳು ಐದು ಸಾವಿರ ಕಳಿಸಿದಳು. ಮಾವನವರು ಅದರಲ್ಲಿ ಎರಡು ಸಾವಿರ ಇಟ್ಟುಕೊಂಡು ಮೂರು ಸಾವಿರ ಮುಂದಕ್ಕೆ ಕೊಟ್ಟರು ಅಂತ ಕಥೆ. ಚಂದಾದಲ್ಲೂ ಲಾಭ! ಉಳಿದ ಸಾಹುಕಾರ ಅಧಿಕಾರಿಗಳು 'ಮನೆ ಮಾರಾಟಕ್ಕಿದೆ' ಅಂತ ಬಾಗಿಲಿಗೆ ಚೀಟಿ ಅಂಟಿಸಿಕೊಂಡರಂತೆ. ಮಾವಂದಿರೆಲ್ಲ ಹೀಗೇ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಾವನವರೂ ಈ ಅಂಕಣ ಓದುತ್ತಾರೆ.

ಕೆಲವೇ ವಾರಕ್ಕೆ ಲೀ ಜಿಚೆಂಗ್ ಊರೊಳಗೆ ಬಂದ. ಅವನ ಸೇನಾಪತಿ ಲಿಯು ಝೋಂಗ್‌ಮಿನ್ ಚಂದಾ ಕೇಳಲಿಲ್ಲ. ಮರದ ಅಡಕತ್ತರಿಯಲ್ಲಿ ಕಾಲು ಸಿಕ್ಕಿಸಿ ಹಿಂಡಿದ. ಬಡ ಮಾವನ ಮನೆಯಿಂದ ಐದು ಲಕ್ಷಕ್ಕೂ ಹೆಚ್ಚು ತೇಲ್ ಹೊರಬಂತು ಅಂತ ಬರೆದಿಟ್ಟಿದ್ದಾರೆ.

ಇಲ್ಲಿಯವರೆಗೆ ನಗು ಬಂತು. 1629ರಲ್ಲಿ ಮಾ ಮಾವ್‌ಚಾಯ್ ಎಂಬ ಅಧಿಕಾರಿ ಶಾಂಶಿಯ ಬರಗಾಲದ ಬಗ್ಗೆ ಚಕ್ರವರ್ತಿಗೆ ಬರೆದ ವರದಿ ಓದಿದ ಮೇಲೆ ಬರುವುದಿಲ್ಲ. ಜನ ಮೊದಲು ಗುಡ್ಡದ ಕಳೆ ಹುಲ್ಲು ತಿಂದರು. ಅದು ಮುಗಿದಾಗ ಮರದ ತೊಗಟೆ. ಅದೂ ಮುಗಿದಾಗ ಗುಡ್ಡ ಅಗೆದು ಕಲ್ಲುಮಣ್ಣು. ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ, ಕೆಲವು ದಿನಕ್ಕೆ ಹೊಟ್ಟೆ ಉಬ್ಬಿ ಸಾವು. ಊರಾಚೆ ಬಿಟ್ಟುಹೋದ ಮಕ್ಕಳು ಅಪ್ಪಅಮ್ಮನನ್ನು ಕೂಗಿ ಅಳುತ್ತವೆ, ಬೆಳಗಾಗುವಷ್ಟರಲ್ಲಿ ಸದ್ದಿಲ್ಲ. ಹಸಿದು ಸಾಯುವುದೂ ಒಂದೇ, ಕಳ್ಳನಾಗಿ ಸಾಯುವುದೂ ಒಂದೇ, ಕಳ್ಳನಾದರೆ ಹೊಟ್ಟೆ ತುಂಬಿದ ದೆವ್ವವಾದರೂ ಆಗಬಹುದು ಅಂತ ಜನ ಯೋಚಿಸುತ್ತಿದ್ದಾರೆ ಎಂದು ಅವನು ಬಿಡಿಸಿ ಬರೆದಿದ್ದ. ಅದೇ ವರ್ಷ ಅಂಚೆ ಠಾಣೆ ಮುಚ್ಚಿದ್ದು. ಎಲ್ಲಾ ಗೊತ್ತಿತ್ತು. ಕಾಗದ ಬಂದಿತ್ತು. ಯಾವ 'ಇದ್ದಿದ್ದರೆ'ಯೂ ಬೇಕಿರಲಿಲ್ಲ. ಇದನ್ನು ಬರೆಯಲು ಬೇಜಾರಾಗುತ್ತದೆ.

ಹಾಗಂತ ಲೀ ಜಿಚೆಂಗ್‌ಗೆ ಆರತಿ ಎತ್ತಬೇಕಿಲ್ಲ. "ಚುವಾಂಗ್ ರಾಜ ಬಂದರೆ ಧಾನ್ಯದ ತೆರಿಗೆ ಇಲ್ಲ" ಅಂತ ಹಾಡಿಸಿಕೊಂಡು ಬಂದವನು ಬೀಜಿಂಗ್‌ನಲ್ಲಿ ಇದ್ದಿದ್ದು 42 ದಿನ. ಅಷ್ಟರಲ್ಲಿ ಅವನ ಜನ ಊರು ದೋಚಿದರು. ಶಾನ್‌ಹೈಗುವಾನ್ ಕಣಿವೆ ಕಾಯುತ್ತಿದ್ದ ಮಿಂಗ್ ಸೇನಾಪತಿ ವೂ ಸಾಂಗುಯಿ ಮಂಚೂಗಳಿಗೆ ಬಾಗಿಲು ತೆಗೆದ. ಲೀ ಯುದ್ಧ ಸೋತು ವಾಪಸ್ ಬಂದು, ಅವಸರದಲ್ಲಿ ಪಟ್ಟ ಕಟ್ಟಿಸಿಕೊಂಡು, ಮಾರನೇ ದಿನ ಗಂಟುಮೂಟೆ ಕಟ್ಟಿದ. 1949ರ ಮಾರ್ಚ್‌ನಲ್ಲಿ ಬೀಜಿಂಗ್‌ಗೆ ಹೊರಟಾಗ ಮಾವೋ ಕೂಡ, ನಾವು ಲೀ ಜಿಚೆಂಗ್ ಆಗಬಾರದು ಅಂದನಂತೆ.

ಇನ್ನೊಂದು 'ಇದ್ದಿದ್ದರೆ' ಇದೆ, ನನಗೆ ಬಲು ಇಷ್ಟದ್ದು. 1642ರಲ್ಲಿ ಯುದ್ಧಮಂತ್ರಿ ಚೆನ್ ಶಿನ್‌ಜಿಯಾ ಮಂಚೂಗಳ ಜೊತೆ ಗುಟ್ಟಾಗಿ ಸಂಧಿ ಮಾತಾಡುತ್ತಿದ್ದ, ಚಕ್ರವರ್ತಿಯ ಒಪ್ಪಿಗೆಯಿಂದಲೇ. ಗುಟ್ಟಿನ ಕಾಗದವನ್ನು ಮೇಜಿನ ಮೇಲೆ ಬಿಟ್ಟ. ಮನೆಯ ಆಳು ಅದನ್ನು ದಿನದ ವರದಿ ಅಂದುಕೊಂಡು ನಕಲಿಗೆ ಕಳಿಸಿದ. ಊರಿಗೆಲ್ಲ ಹಂಚಿಹೋಯಿತು! ಚಕ್ರವರ್ತಿ 'ನನಗೇನೂ ಗೊತ್ತೇ ಇಲ್ಲ' ಅನ್ನುವ ಮುಖ ಮಾಡಿ ಮಂತ್ರಿಯ ತಲೆ ತೆಗೆಸಿದ. ಸಂಧಿಯೂ ಹೋಯಿತು. ನೋಡಿ, ಇದು ನಿಜವಾದ ಮುದ್ರಣದ ತೊಂದರೆ.

1644ರ ಏಪ್ರಿಲ್ 25ರ ಬೆಳಗಿನ ಜಾವ ಚಕ್ರವರ್ತಿ ಗಂಟೆ ಬಾರಿಸಿ ಮಂತ್ರಿಗಳನ್ನು ಕರೆದ. ಒಬ್ಬನೂ ಬರಲಿಲ್ಲ. ಅರಮನೆ ಹಿಂದಿನ ಗುಡ್ಡಕ್ಕೆ ಹೋಗಿ ಮರಕ್ಕೆ ನೇಣು ಹಾಕಿಕೊಂಡ. ಜೊತೆಗೆ ಒಬ್ಬ ಸೇವಕ. ನನ್ನ ಮಂತ್ರಿಗಳು ನನ್ನ ದಾರಿ ತಪ್ಪಿಸಿದರು ಅಂತ ಬರೆದಿಟ್ಟಿದ್ದನಂತೆ. ಆ 50 ಮಂದಿಯನ್ನೂ ಆರಿಸಿದ್ದು ಯಾರು ಅಂತ ಬರೆಯಲು ಜಾಗ ಸಾಲಲಿಲ್ಲವೇನೋ.

ಆಮೇಲೆ ಬಂದ ಮಂಚೂ ಸರ್ಕಾರ ತನಿಖೆ ಮಾಡಿ ಅಪರಾಧಿಯನ್ನು ಹಿಡಿಯಿತು ಅಂತ ಹೇಳುತ್ತಾರೆ. ಮರ! ದೊರೆಯ ಸಾವಿಗೆ ಕಾರಣವಾದ ಪಾಪಿ ಮರ ಅಂತ ಅದಕ್ಕೆ ಕಬ್ಬಿಣದ ಸರಪಳಿ ಬಿಗಿದರಂತೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಆ ಹಳೇ ಮರ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಗಲಾಟೆಯಲ್ಲಿ ಹೋಯಿತು. ಈಗ ಜಿಂಗ್‌ಶಾನ್ ಉದ್ಯಾನದಲ್ಲಿರುವುದು ಆಮೇಲೆ ನೆಟ್ಟ ಮರ. ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮೂಲ ಪ್ರತಿ ವಾಪಸ್ ಹೋಗಿದೆ, ಇದು ಮರುಮುದ್ರಣ.