ಮಳೆಗಾಲ ಮುಗಿದ ಮೇಲೆ ಬಂದ ಮಳೆಮಾಪಕ

ಕಳೆದ ಹುತ್ತರಿ ಸುಗ್ಗಿಹಬ್ಬಕ್ಕೆ ಕೊಡಗಿನ ನಮ್ಮ ಊರಿಗೆ ಬಂದಿದ್ದಾಗ, ಕದಿರು ಕಟ್ಟಿದ ಮರುದಿನ ಬೆಳಿಗ್ಗೆ, ಅಕ್ಕನ ಮನೆಯ ಜಗಲಿಯ ಮೂಲೆಯಲ್ಲಿ ಸೀಲು ಒಡೆಯದ ಒಂದು ರಟ್ಟಿನ ಪೆಟ್ಟಿಗೆ ಕಂಡಿತು. ಒಳಗಿದ್ದದ್ದು ಮಳೆಮಾಪಕ. ಅಕ್ಕನ ಮಗಳು ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಕುಸಿದಂಥ ಇಳಿಜಾರುಗಳಲ್ಲಿ ಮಣ್ಣು ಎಷ್ಟು ಮಳೆಯನ್ನು ತಡೆದುಕೊಳ್ಳಬಲ್ಲದು ಎಂಬುದು ಅವಳ ವಿಷಯ. ಮಾಪಕ ಬೇಕೆಂದು ಅವಳ ಮಾರ್ಗದರ್ಶಕರು ಬರೆದುಕೊಟ್ಟದ್ದು ಫೆಬ್ರುವರಿಯಲ್ಲಿ; ಪೆಟ್ಟಿಗೆ ಕೈ ಸೇರಿದ್ದು ಅಕ್ಟೋಬರ್ ಕೊನೆಗೆ. ನಡುವೆ ಒಂದು ಇಡೀ ಮುಂಗಾರು ಬಂದು ಹೋಗಿತ್ತು. "ಇನ್ನೊಂದು ವರ್ಷ ಕಾಯಬೇಕು, ಮಾಮ" ಎಂದು ತಂಬಿಟ್ಟಿನ ತಟ್ಟೆ ಮುಂದಿಡುತ್ತಾ ಅವಳು ಹೇಳಿದ ಧ್ವನಿಯಲ್ಲಿ ದೂರು ಕೂಡ ಇರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದಕ್ಕೇ.

ಹಣ ಇರಲಿಲ್ಲವೇ ಎಂದರೆ, ಇತ್ತು. ಯೋಜನೆ ಮಂಜೂರಾಗಿತ್ತು, ಮೊದಲ ಕಂತೂ ಬಂದಿತ್ತು. ಆದರೆ ಬೇರೆ ಬೇರೆ ಮಾರಾಟಗಾರರಿಂದ ತಂದ ಮೂರು ದರಪಟ್ಟಿಗಳಲ್ಲಿ ಒಂದರ ಅವಧಿ ಮುಗಿದಿದೆ ಎಂದು ಕಡತ ವಾಪಸಾಯಿತು. ಅದನ್ನು ಸರಿಪಡಿಸುವಷ್ಟರಲ್ಲಿ ಮಾರ್ಚ್ 31 ಬಂದು, ಖರ್ಚಾಗದ ಹಣವನ್ನು ಹಿಂದಿರುಗಿಸಬೇಕಾಯಿತು. ಹೊಸ ಕಂತು ಬಿಡುಗಡೆಯಾಗಲು ಹಳೆಯದರ ಹಣ ಬಳಕೆ ಪ್ರಮಾಣಪತ್ರ ಬೇಕಾಗಿತ್ತು, ಅದಕ್ಕೆ ಲೆಕ್ಕಪರಿಶೋಧಕರ ಸಹಿ ಬೇಕಾಗಿತ್ತು, ಆ ಸಹಿ ಬೀಳುವಾಗ ಜುಲೈ ಕಳೆದಿತ್ತು. ಈ ಇಡೀ ಸರಪಳಿಯಲ್ಲಿ ಯಾರೂ ತಪ್ಪು ಮಾಡಿಲ್ಲ, ಯಾರೂ ಲಂಚ ಕೇಳಿಲ್ಲ. ಆದರೆ ಜೂನ್‌ಗೆ ಮೊದಲು ಈ ಮಾಪಕ ಗುಡ್ಡ ಹತ್ತಬೇಕು ಎಂಬುದನ್ನು ತನ್ನ ಕೆಲಸವೆಂದು ತಿಳಿದವರೂ ಒಬ್ಬರಿರಲಿಲ್ಲ.

ನಾನು ಹನ್ನೊಂದು ವರ್ಷಗಳಿಂದ ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಪ್ರಯೋಗಾಲಯದಲ್ಲಿದ್ದೇನೆ. ಅಲ್ಲಿ ಅರ್ಜಿ ಬರೆಯುವ ಮೊದಲೇ ಸಂಶೋಧನಾ ಕಚೇರಿಯಿಂದ ಒಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ. ನನ್ನ ಸಮಯ, ಪ್ರಯೋಗಾಲಯದ ವಿದ್ಯುತ್ತು, ಕಟ್ಟಡದ ಪಾಲು, ಎಲ್ಲವನ್ನೂ ಸೇರಿಸಿ ಅವರು ಪೂರ್ಣ ವೆಚ್ಚ ಕಟ್ಟುತ್ತಾರೆ. ಸರ್ಕಾರದ ಸಂಶೋಧನಾ ಮಂಡಳಿಗಳು ಸಾಮಾನ್ಯವಾಗಿ ಅದರಲ್ಲಿ ನೂರಕ್ಕೆ 80 ಪಾಲು ಕೊಡುತ್ತವೆ, ಉಳಿದದ್ದನ್ನು ವಿಶ್ವವಿದ್ಯಾಲಯ ಹೊರುತ್ತದೆ. ಹಣ ಮಂಜೂರಾದ ಮೇಲೆ ಇನ್ನೊಬ್ಬರು ಲೆಕ್ಕ ನೋಡಿಕೊಳ್ಳುತ್ತಾರೆ. ಮೊದಲ ವರ್ಷ ನಾನು ಒಂದು ಸಣ್ಣ ಉಪಕರಣಕ್ಕೆ ಊರಿನ ಅಭ್ಯಾಸದಂತೆ ಮೂರು ದರಪಟ್ಟಿ ಹಿಡಿದು ಅವರ ಬಳಿ ಹೋಗಿದ್ದೆ. ಅವರು ಅದನ್ನು ನೋಡಿ, ಇಷ್ಟು ಸಣ್ಣ ಮೊತ್ತಕ್ಕೆ ಇದು ಬೇಕಿಲ್ಲ, ವಿಭಾಗದ ಕಾರ್ಡಿನಲ್ಲಿ ಇಂದೇ ತರಿಸಿ, ರಸೀದಿ ಆಮೇಲೆ ಕೊಡಿ ಎಂದರು. ನಾಲ್ಕನೆಯ ದಿನ ಉಪಕರಣ ನನ್ನ ಮೇಜಿನ ಮೇಲಿತ್ತು. ನನ್ನನ್ನು ಮೊದಲು ನಂಬಿ ಆಮೇಲೆ ಲೆಕ್ಕ ಕೇಳಿದರು. ಲೆಕ್ಕವನ್ನೇನೂ ಬಿಡಲಿಲ್ಲ, ಮುಂದೆ ಒಂದು ರಸೀದಿ ಕಾಣೆಯಾದಾಗ ಮೂರು ಸಲ ಕೇಳಿ ಪಡೆದರು.

ಕೊಡಗಿನವರಿಗೆ ಮಳೆ ಅಳೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬುದು ಈ ವಿಷಯವನ್ನು ಇನ್ನೂ ಕಹಿ ಮಾಡುತ್ತದೆ. ನಮ್ಮ ಅಜ್ಜ ಬೆಳಿಗ್ಗೆ ಕಾಫಿಗೆ ಮೊದಲು ಅಂಗಳದ ತಾಮ್ರದ ಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು, ಇಂಚು ಮತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ನೋಟುಪುಸ್ತಕಕ್ಕೆ ಇಳಿಸುತ್ತಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಅದರ ಬೆನ್ನಿಗೆ ಬರಬೇಕಾದ ಮಳೆ ಎಷ್ಟು ತಡವಾಯಿತು ಎಂಬುದರ ಮೇಲೆ ವರ್ಷದ ಫಸಲು ನಿಂತಿದ್ದರಿಂದ, ಜ್ವರ ಬಂದ ದಿನವೂ ಆ ಬರಹ ತಪ್ಪುತ್ತಿರಲಿಲ್ಲ. ಇಂದಿಗೂ ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟು ಸೆಂಟ್?" ಎಂಬುದೇ. ಇಂಥ ನಾಡಿನ ಹುಡುಗಿಗೆ ಒಂದು ಮಾಪಕ ಸಕಾಲಕ್ಕೆ ಸಿಗದಿರುವುದನ್ನು ನಾನು ಸಣ್ಣ ಸಂಗತಿಯೆಂದು ಭಾವಿಸಲಾರೆ.

ಚಿಕ್ಕ ಅಳುವಾರದಲ್ಲಿ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾದಾಗ ದೂರದಲ್ಲಿದ್ದೂ ನಾನು ಸಂತೋಷಪಟ್ಟವನು. ಗುಡ್ಡ, ಕಾಫಿ, ಏಲಕ್ಕಿ, ಕಾವೇರಿಯ ಮೂಲ, ಇವೆಲ್ಲ ಕಾಲಬುಡದಲ್ಲೇ ಇರುವ ವಿಶ್ವವಿದ್ಯಾಲಯ ಅದು. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಅನುದಾನದ ಕೊರತೆಯನ್ನು ಮುಂದಿಟ್ಟು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಂಪುಟ ಉಪಸಮಿತಿಯಿಂದ ಬಂತು, ಅದರಲ್ಲಿ ನಮ್ಮದೂ ಇತ್ತು. ಸಾಕಷ್ಟು ಹಣ ಕೊಡದೆ ಹುಟ್ಟಿಸಿದ ಸಂಸ್ಥೆಯನ್ನು ಹಣವಿಲ್ಲವೆಂಬ ಕಾರಣಕ್ಕೇ ಮುಚ್ಚಲು ಹೊರಡುವುದು ಅನ್ಯಾಯ. ಸ್ಕಾಟ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಮತ ಹಾಕಿ ಆರಿಸಿದ ರೆಕ್ಟರ್‌ಗೆ ಆಡಳಿತ ಮಂಡಳಿಯಲ್ಲಿ ಸ್ಥಾನವಿದೆ. ನಮ್ಮ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಯಾದ ಸಿಂಡಿಕೇಟಿನಲ್ಲಿ ಸರ್ಕಾರ ನಾಮನಿರ್ದೇಶನ ಮಾಡಿದವರ ನಡುವೆ, ಮಾಪಕಕ್ಕಾಗಿ ಕಾದು ಕೂತ ಒಬ್ಬ ವಿದ್ಯಾರ್ಥಿನಿಯ ಮಾತು ಎಲ್ಲಿಂದ ತಲುಪಬೇಕು?

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಸ್ಕಾಟ್ಲೆಂಡಿನದೇ ಡಂಡೀ ವಿಶ್ವವಿದ್ಯಾಲಯ 3.5 ಕೋಟಿ ಪೌಂಡ್ ಕೊರತೆಗೆ ಸಿಲುಕಿತು. ಹಣಕಾಸಿನ ಅವಿವೇಕವನ್ನೂ ಆಡಳಿತದ ದೌರ್ಬಲ್ಯವನ್ನೂ 2025ರ ಜೂನ್‌ನ ತನಿಖಾ ವರದಿ ಎತ್ತಿ ತೋರಿಸಿತು. ರೆಕ್ಟರ್ ಅಲ್ಲಿಯೂ ಇದ್ದರು. ನಮ್ಮ ಕಡೆಯೂ ಎಲ್ಲ ನಿಂತಲ್ಲೇ ನಿಂತಿಲ್ಲ: ಅದೇ ಜೂನ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯವು ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳು ದರಪಟ್ಟಿಯಿಲ್ಲದೆ ಖರೀದಿಸುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿತು. ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಮತ್ತೂ ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕು. ಸ್ಕಾಟ್ಲೆಂಡಿನಲ್ಲಿ ಒಂದು ಗುಡ್ಡದ ಮೇಲೆ ಗೂಟ ನೆಡಲು ಭೂಮಾಲೀಕರಿಂದ ಒಪ್ಪಿಗೆಪತ್ರ, ವಿಮೆ, ಅಪಾಯದ ಅಂದಾಜುಪಟ್ಟಿ ಎಂದು ನಾನು ಐದು ವಾರ ಕಳೆದದ್ದಿದೆ. ಅಕ್ಕನ ಮಗಳು ಮಾದಾಪುರದ ಕಡೆ ಗುರುತು ಪರಿಚಯವಿಲ್ಲದ ಒಂದು ಮನೆಯ ಗೇಟಿನಲ್ಲಿ ನಿಂತು ವಿಷಯ ಹೇಳಿದಾಗ, ಆ ಮನೆಯ ಯಜಮಾನರು ಊಟಕ್ಕೆ ಕೂರಿಸಿ, ತೋಟದಲ್ಲಿ ಎಲ್ಲಿ ಬೇಕಾದರೂ ನೆಡು ಎಂದು ತಾವೇ ಹಾರೆ ಹಿಡಿದು ಹೊರಟರಂತೆ. ಅಂಥ ಜನರ ಭಾಗ್ಯ ನನಗೆ ಅಲ್ಲಿ ಸಿಕ್ಕಿಲ್ಲ.

ಮುಂಗಾರಿಗೆ ಕಾಯದೆ ಅವಳು ಮಾರ್ಚ್‌ನಲ್ಲೇ ಪೆಟ್ಟಿಗೆ ಒಡೆದು ಆ ತೋಟದಲ್ಲಿ ಮಾಪಕ ನಿಲ್ಲಿಸಿದಳು. ಹೂಮಳೆ ಬಿದ್ದ ರಾತ್ರಿ ನನಗೆ ಸಂದೇಶ ಬಂತು: 28 ಮಿಲಿಮೀಟರ್. ಅದರ ಕೆಳಗೆ, ಅಜ್ಜನ ನೋಟುಪುಸ್ತಕದ ಖಾಲಿ ಉಳಿದಿದ್ದ ಹಾಳೆಯೊಂದರಲ್ಲಿ ಅವಳ ಕೈಬರಹದ ಚಿತ್ರ: 1 ಇಂಚು 10 ಸೆಂಟ್.